ಕಂಬದ ಉದ್ದ ನೋಡಿದೆ, ಕ್ಲಿಪ್ ನೋಡಲಿಲ್ಲ

ಮಲ್ಪೆಯಲ್ಲಿ ಟ್ರಾಲ್ ಬೋಟಿನ ಖಲಾಸಿಯಾಗಿದ್ದೆ. ದುಬೈಯಲ್ಲಿ 'ಟ್ರೋಲಿಂಗ್' ಬೋಟಿಗೆ ಜನ ಬೇಕು ಅಂದಾಗ ನಮ್ಮದೇ ಕೆಲಸ ಅಂದುಕೊಂಡು ಹೊರಟೆ. ನೋಡಿದರೆ ಬೋಟಿನಲ್ಲಿ ಬಲೆಯೇ ಇಲ್ಲ! ಟ್ರಾಲಿಂಗ್ ಅಂದರೆ ಬಲೆ ಎಳೆಯೋದು, ಟ್ರೋಲಿಂಗ್ ಅಂದರೆ ಓಡುವ ಬೋಟಿನ ಹಿಂದೆ ಗಾಳ ಎಳೆಯೋದು. ಪ್ರವಾಸಿಗರನ್ನು ಮೀನು ಹಿಡಿಯಲು ಕರೆದೊಯ್ಯುವ 24 ಅಡಿಯ ಬೋಟ್ ಅದು. ಎರಡೂ ಮಗ್ಗುಲಲ್ಲಿ ಸೀಗಡಿ ಮೀಸೆಯ ಹಾಗೆ ಉದ್ದ ಕಂಬ. ಅದೇ ಔಟ್‌ರಿಗರ್.

ನಾಲ್ಕೈದು ಗಾಳವನ್ನು ಬೋಟಿನ ಹಿಂದೆ ಸುಮ್ನೆ ಬಿಟ್ಟರೆ ತಿರುಗುವಾಗ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಕಂಬ ಹೊರಕ್ಕೆ ಚಾಚಿದರೆ ದಾರಗಳು ದೂರ ದೂರ ಇರುತ್ತವೆ, ಎರೆ ಇಂಜಿನ್ನಿನ ನೊರೆ ದಾಟಿ ತಿಳಿ ನೀರಿನಲ್ಲಿ ಓಡುತ್ತದೆ.

ಹಳೇ ಅಲ್ಯುಮಿನಿಯಂ ಕಂಬ ಬಗ್ಗಿದಾಗ ಹೊಸದು ಆರಿಸುವ ಕೆಲಸ ನನಗೆ ಬಂತು. ಉದ್ದ ಜಾಸ್ತಿ ಇದ್ದಷ್ಟು ಒಳ್ಳೇದು ಅಂತ 18 ಅಡಿಯದನ್ನು ತರಿಸಿದೆ. ಕಂಬ ಕೂರುವ ಬುಡದ ಕಡೆ ನೋಡಲೇ ಇಲ್ಲ. ವಾಯವ್ಯದ ಜೋರು ಗಾಳಿ, ಅಂದರೆ ಶಮಾಲ್, ಬೀಸಿದರೆ ಇಲ್ಲಿ ಒತ್ತೊತ್ತಾಗಿ ಕಡಿದಾದ ಅಲೆ ಏಳುತ್ತದೆ. ಒಂದೇ ತಿಂಗಳಲ್ಲಿ ಬೋಲ್ಟ್ ಸಡಿಲವಾಗಿ ಬುಡದ ಸುತ್ತ ಫೈಬರ್ ಬಿರುಕು ಬಿಟ್ಟಿತು. ಕೊನೆಗೆ ಡೆಕ್ಕಿನ ಅಡಿಯಿಂದ ದಪ್ಪ ಪ್ಲೇಟ್ ಕೊಟ್ಟು, ಒಂದರೊಳಗೊಂದು ಸರಿದು ಸೇರುವ 15 ಅಡಿಯ ಕಂಬ ಹಾಕಿದೆವು. ನಮ್ಮ ಬೋಟಿಗೆ ಅಷ್ಟು ಧಾರಾಳ ಸಾಕು.

ಆದರೂ ದೊಡ್ಡ ತಪ್ಪು ಕ್ಲಿಪ್ಪಿನಲ್ಲಿ ಆಯಿತು. ಗಾಳದ ರಾಡಿನಿಂದ ಬರುವ ದಾರವನ್ನು ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಕಂಬದ ತುದಿಗೆ ಏರಿಸುತ್ತೇವೆ. ಮೀನು ಹೊಡೆದರೆ ಕ್ಲಿಪ್ ದಾರವನ್ನು ಬಿಡಬೇಕು. ಆ ದಿನ ಅಲೆಯ ಎಳೆತಕ್ಕೇ ಅದು ಪಟ್ ಪಟ್ ಅಂತ ಬಿಡುತ್ತಿತ್ತು. ತಲೆಕೆಟ್ಟು ಕ್ಲಿಪ್ಪಿನ ತಿರುಪನ್ನು ಗಟ್ಟಿಯಾಗಿ ತಿರುಗಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಸೈಲ್‌ಫಿಶ್ ಬಂತು, ಉದ್ದ ಕೊಕ್ಕಿನ ದೊಡ್ಡ ಮೀನು. ಅದು ಮೊದಲು ಕೊಕ್ಕಿನಿಂದ ಎರೆಗೆ ಬಡಿಯುತ್ತದೆ, ಆಮೇಲೆ ನುಂಗುತ್ತದೆ. ಕ್ಲಿಪ್ ಬಿಟ್ಟು ದಾರ ಸಡಿಲವಾದರೆ ಎರೆ ನೀರಿನಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಅದೇ ನುಂಗುವ ಸಮಯ. ನನ್ನ ಕ್ಲಿಪ್ ಬಿಡಲಿಲ್ಲ. ಕಂಬ ಬಿಲ್ಲಿನಂತೆ ಬಾಗಿತು, ನೆಟ್ಟಗಾಯಿತು. ಮೀನು ಹೋಯಿತು. ಗಿರಾಕಿ ನನ್ನ ಮುಖ ನೋಡಿದ. ಕೇರಳದ ಕ್ಯಾಪ್ಟನ್ ಚೇಟ್ಟ ಏನೂ ಹೇಳದೆ ಬಂದು ಕ್ಲಿಪ್ಪನ್ನು ಬೆರಳಲ್ಲಿ ಎಳೆದು ನೋಡಿ, ವಾಪಸ್ ಸ್ಟೀರಿಂಗಿಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಬೋಟ್ ಟ್ರೋಲಿಂಗ್ ವೇಗಕ್ಕೆ ಬಂದ ಮೇಲೇ ಕ್ಲಿಪ್ ಬಿಗಿ ಮಾಡುತ್ತೇನೆ. ಮೊದಲು ಸಡಿಲ. ಅಲೆಗೆ ಬಿಡದಷ್ಟು ಬಿಗಿಯಾಗುವವರೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸೋದು. ಗಾಳಿ ಬದಲಾದರೆ ಮತ್ತೆ ನೋಡಬೇಕು. ದೊಡ್ಡ ಪ್ಲಾಸ್ಟಿಕ್ ಮೀನು ಕಟ್ಟಿದಾಗ ಎಳೆತ ಜಾಸ್ತಿ, ಅದಕ್ಕೆ ಬಿಗಿ ಬೇಕು. ನಿಜವಾದ ಮೀನಿನ ಎರೆಗೆ ಕಡಿಮೆ ಸಾಕು.

ಅಂಜಲ್ ಮೀನಿಗೆ (ಕಿಂಗ್‌ಫಿಶ್) ಈ ನಾಜೂಕೆಲ್ಲ ಬೇಡ. ಬಂದದ್ದೇ ಕಚ್ಚಿ ಕತ್ತರಿಸುತ್ತದೆ, ಅದಕ್ಕೆ ಗಾಳದ ಹತ್ತಿರ ಸ್ಟೀಲ್ ತಂತಿ ಇದ್ದರಾಯಿತು. ಸೈಲ್‌ಫಿಶ್ ಸಿಕ್ಕರೆ ಫೋಟೋ ತೆಗೆದು ನೀರಿಗೆ ಬಿಡುತ್ತೇವೆ. ಅಂಜಲ್ ಸಿಕ್ಕರೆ ಗಿರಾಕಿಗೆ ತುಂಡು, ತಲೆ ನನಗೆ.