ಸೋಪು ಮಾರಿದ ಮೇಯರ್

"ಮೆಡಲ್ ವಿಷಯ ಗೊತ್ತಾಯ್ತು ಮಗಾ. ಮೇಯರ್ ಆಗಿ ಏನು ಮಾಡಿದ, ಅದನ್ನ ಹೇಳು."

ಅಪ್ಪ ಹೀಗೆ ಕೇಳಿದ್ದು ಜನವರಿಯ ಒಂದು ಬೆಳಿಗ್ಗೆ, ಮೆಲ್ಬರ್ನಿನ ಸೇಂಟ್ ಕಿಲ್ಡಾ ಸ್ಮಶಾನದಲ್ಲಿ. ಎದುರಿಗೆ ಆಲ್ಬರ್ಟ್ ಜ್ಯಾಕಾನ ಸಮಾಧಿ. ಮೊದಲನೇ ಮಹಾಯುದ್ಧದಲ್ಲಿ ಹೆಸರು ಮಾಡಿ, ಆಮೇಲೆ ಇದೇ ಸೇಂಟ್ ಕಿಲ್ಡಾಕ್ಕೆ ಮೇಯರ್ ಆದ ಆಸ್ಟ್ರೇಲಿಯಾದ ಸೈನಿಕ. ಏಕವಚನದಲ್ಲೇ ಬರೀತಿದ್ದೀನಿ, ತಪ್ಪು ತಿಳಿಯಬೇಡಿ. ಅಪ್ಪ ಅವನನ್ನು ನಮ್ಮೂರ ಹುಡುಗನ ಥರ ಹಾಗೇ ಕರೆದರು, ನನಗೂ ಅದೇ ಬಾಯಿಗೆ ಬಂದುಬಿಟ್ಟಿದೆ.

ಅಪ್ಪ ಅರಕಲಗೂಡು ತಾಲ್ಲೂಕಿನವರು. 18ಕ್ಕೆ ಸೇನೆಗೆ ಸೇರಿ, ಬೆಂಗಳೂರಿನ ಎಂಇಜಿಯಲ್ಲಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ತರಬೇತಿ ಮುಗಿಸಿ, 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದರು. ಮೈನ್ ತೆಗೆಯುವ ಕೆಲಸ. ರಾತ್ರಿ ಹೊತ್ತು ಹೊಟ್ಟೆ ಮೇಲೆ ಮಲಗಿ, ಸಲಾಕೆಯಲ್ಲಿ ಮೆಲ್ಲಗೆ ನೆಲ ಚುಚ್ಚುತ್ತಾ ಮುಂದೆ ಹೋಗುವುದು. ಇಷ್ಟು ಬಿಟ್ಟರೆ ಆ ಯುದ್ಧದ ಬಗ್ಗೆ ಅವರು ನಮಗೆ ಏನೂ ಹೇಳಿಲ್ಲ. ಈ ಸಲ ಮೂರು ತಿಂಗಳಿಗೆ ಅಂತ ನನ್ನ ಮನೆಗೆ ಬಂದಾಗ, ಬೀಚಿನ ಪಕ್ಕದ ರಸ್ತೆಯ ಬೋರ್ಡ್ ನೋಡಿ "ಈ ಜ್ಯಾಕಾ ಯಾರು?" ಅಂದರು. ಒಂಬತ್ತು ವರ್ಷದಿಂದ ಆ ಜ್ಯಾಕಾ ಬುಲೆವಾರ್ಡಿನಲ್ಲಿ ಓಡಾಡುತ್ತಿದ್ದೀನಿ. ಒಂದು ದಿನವೂ ನಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಆವತ್ತು ರಾತ್ರಿ ಓದಲು ಕೂತೆ.

ಜ್ಯಾಕಾ ಹುಟ್ಟಿದ್ದು 1893ರಲ್ಲಿ, ವಿಕ್ಟೋರಿಯಾ ರಾಜ್ಯದ ವಿಂಚೆಲ್ಸಿ ಹತ್ತಿರ. ಬೆಳೆದದ್ದು ವೆಡರ್‌ಬರ್ನ್ ಎಂಬ ಸಣ್ಣ ಊರಿನಲ್ಲಿ. ಶಾಲೆ ಬಿಟ್ಟ ಮೇಲೆ ತನ್ನ ಅಪ್ಪನ ಜೊತೆ ಮರದ ದಿಮ್ಮಿ ಸಾಗಿಸಿದ, ಆಮೇಲೆ ಅರಣ್ಯ ಇಲಾಖೆಯಲ್ಲಿ ಕೂಲಿ ಮಾಡಿದ. ಮೊದಲನೇ ಮಹಾಯುದ್ಧ ಶುರುವಾದಾಗ, 1914ರ ಸೆಪ್ಟೆಂಬರಿನಲ್ಲಿ, ಸೇನೆಗೆ ಸೇರಿಕೊಂಡ. 14ನೇ ಬೆಟಾಲಿಯನ್. ಈಜಿಪ್ಟಿನಲ್ಲಿ ತರಬೇತಿ, ಅಲ್ಲಿಂದ ಟರ್ಕಿಯ ಗಲಿಪೊಲಿ.

"ಅಲ್ಲಿ ನಮ್ಮವರು ಇದ್ರಾ?" ಅಪ್ಪನ ಮುಂದಿನ ಪ್ರಶ್ನೆ. ಇದ್ದರು. ಗಲಿಪೊಲಿಯ ಕಡಿದಾದ ಗುಡ್ಡಗಳ ಮೇಲೆ ನೀರು, ಮದ್ದುಗುಂಡು ಹೊತ್ತು ಸಾಗಿಸಿದ್ದು ಭಾರತದ ಹೇಸರಗತ್ತೆಗಳು ಮತ್ತು ಅವನ್ನು ನಡೆಸುತ್ತಿದ್ದ ನಮ್ಮ ಸೈನಿಕರು. ಸಿಖ್ಖರು, ಗೂರ್ಖಾಗಳು ಆ ಗುಡ್ಡಗಳಲ್ಲಿ ಹೋರಾಡಿ ಸತ್ತಿದ್ದಾರೆ. ಜ್ಯಾಕಾ ಈಜಿಪ್ಟಿನಲ್ಲಿದ್ದ ಹೊತ್ತಿಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದೇ ದೇಶದಲ್ಲಿ, ಸೂಯೆಜ್ ಕಾಲುವೆಯ ಕಾವಲಿಗಿದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆಯಲ್ಲ, ಅವರೇ. 1918ರಲ್ಲಿ ಹೈಫಾ ಗೆದ್ದವರು.

ಇನ್ನು ಆ ಮೆಡಲಿನ ಕಥೆ. 1915ರ ಮೇ 19ರ ಬೆಳಗಿನ ಜಾವ ಸುಮಾರು 42,000 ಟರ್ಕಿ ಸೈನಿಕರು ಒಟ್ಟಿಗೆ ನುಗ್ಗಿದರು. ಕೋರ್ಟ್ನಿ ಪೋಸ್ಟ್ ಎಂಬಲ್ಲಿ ಒಂದಷ್ಟು ಜನ ಆಸ್ಟ್ರೇಲಿಯನ್ನರ ಕಂದಕದೊಳಗೇ ಇಳಿದುಬಿಟ್ಟರು. ಅಲ್ಲಿದ್ದವರು ಸತ್ತರು, ಗಾಯಗೊಂಡರು. ಪಕ್ಕದ ತಿರುವಿನಲ್ಲಿ ಜ್ಯಾಕಾ ಒಬ್ಬನೇ ಗುಂಡು ಹಾರಿಸುತ್ತಾ ಅವರನ್ನು ಮುಂದೆ ಬರದ ಹಾಗೆ ತಡೆದ.

ಇಲ್ಲಿ ಅಪ್ಪ ನನ್ನನ್ನು ನಿಲ್ಲಿಸಿದರು. ಕೈಯಲ್ಲಿದ್ದ ಕೋಲಿನಿಂದ ಸ್ಮಶಾನದ ದಾರಿಯ ಜಲ್ಲಿ ಮೇಲೆ ಒಂದು ಗೆರೆ ಎಳೆದರು. ಬಲಕ್ಕೆ, ಮುಂದಕ್ಕೆ, ಎಡಕ್ಕೆ, ಮತ್ತೆ ಮುಂದಕ್ಕೆ. "ಮೋರ್ಚಾ ನೆಟ್ಟಗೆ ತೋಡಲ್ಲ ಮಗಾ. ಹಿಂಗೆ ಅಂಕುಡೊಂಕು ತೋಡ್ತೀವಿ. ಒಂದು ಮೂಲೇಲಿ ಗ್ರೆನೇಡ್ ಬಿದ್ರೆ ಇನ್ನೊಂದು ಮೂಲೆಯವನು ಉಳೀಬೇಕು. ಶತ್ರು ಒಳಗೆ ಬಂದ್ರೂ ಉದ್ದಕ್ಕೂ ಗುಂಡು ಹೊಡೆಯೋಕೆ ಆಗಲ್ಲ." ಕೋಲನ್ನು ಒಂದು ತಿರುವಿನಲ್ಲಿ ಊರಿ, "ಇವನು ಇಲ್ಲಿ ನಿಂತಿದ್ದ ಅನ್ನು. ಆಕಡೆಯಿಂದ ಯಾರು ತಲೆ ಹಾಕಿದ್ರೂ ಇವನಿಗೆ ಕಾಣ್ತಾರೆ. ಸರಿ, ಆಮೇಲೆ?"

ಪುಸ್ತಕದಲ್ಲಿ ಓದಿದಾಗ ನನಗೆ ಅರ್ಥವಾಗದೇ ಇದ್ದದ್ದು ಆ ಗೆರೆ ನೋಡಿದ ಕೂಡಲೇ ಅರ್ಥವಾಯಿತು.

ಆಮೇಲೆ ಒಬ್ಬ ಅಧಿಕಾರಿ ಬಂದ. ಜೊತೆಗೆ ಜನ ಕೊಟ್ಟರೆ ನುಗ್ಗುತ್ತೀಯಾ ಅಂತ ಕೇಳಿದ. ನುಗ್ಗುತ್ತೀನಿ ಅಂದ ಜ್ಯಾಕಾ. ಮೊದಲ ಸಲ ಆಗಲಿಲ್ಲ, ಜೊತೆಯವರಿಗೆ ಗುಂಡು ಬಿತ್ತು. ಎರಡನೇ ಸಲ ಈಚೆಯಿಂದ ಬಾಂಬ್ ಎಸೆದು ಟರ್ಕಿಯವರ ಗಮನ ಸೆಳೆದರು. ಅಷ್ಟರಲ್ಲಿ ಜ್ಯಾಕಾ ಕಂದಕದಿಂದ ಹೊರಗೆ ಹಾರಿ, ಬಯಲಿನಲ್ಲಿ ಸುತ್ತಿಕೊಂಡು ಹೋಗಿ, ಅವರ ಹಿಂದಿನಿಂದ ಒಳಗೆ ಧುಮುಕಿದ. ಐದು ಜನರನ್ನು ಗುಂಡಿಟ್ಟು ಕೊಂದ, ಇಬ್ಬರನ್ನು ಬಯೋನೆಟ್‌ನಿಂದ. ಉಳಿದವರು ಓಡಿದರು. ಆಗ ಅವನಿಗೆ 22 ವರ್ಷ. ಆ ಯುದ್ಧದಲ್ಲಿ ಆಸ್ಟ್ರೇಲಿಯಾ ಸೇನೆಗೆ ಬಂದ ಮೊದಲ ವಿಕ್ಟೋರಿಯಾ ಕ್ರಾಸ್, ಅಂದರೆ ಬ್ರಿಟಿಷ್ ಸಾಮ್ರಾಜ್ಯದ ಅತಿ ದೊಡ್ಡ ಶೌರ್ಯ ಪದಕ, ಅವನದು.

ಆ ಒಂದು ದಿನದಲ್ಲಿ ಟರ್ಕಿ ಕಡೆ ಸುಮಾರು 3,000 ಜನ ಸತ್ತರು. ಮೇ 24ರಂದು ಹೆಣ ಹೂಳುವುದಕ್ಕೆ ಅಂತಲೇ ಎರಡೂ ಕಡೆಯವರು ಯುದ್ಧ ನಿಲ್ಲಿಸಬೇಕಾಯಿತು. ಇದನ್ನು ಹೇಳಿದಾಗ ಅಪ್ಪ ಸುಮ್ನೆ ತಲೆಯಾಡಿಸಿದರು.

ಮುಂದಿನದನ್ನು ಬೇಗ ಹೇಳ್ತೀನಿ. 1916ರ ಆಗಸ್ಟಿನಲ್ಲಿ ಫ್ರಾನ್ಸಿನ ಪೊಜಿಯೇರ್‌ನಲ್ಲಿ, ಜರ್ಮನ್ನರು ಸೆರೆಹಿಡಿದು ಕರೆದೊಯ್ಯುತ್ತಿದ್ದ ತನ್ನವರನ್ನು ಬಿಡಿಸಲು ಏಳೇ ಜನರೊಂದಿಗೆ ನುಗ್ಗಿದ. ಆ ಏಳೂ ಜನರಿಗೆ ಗಾಯ. ಇವನ ಮೈಮೇಲೇ ಏಳು ಗಾಯ. ಆದರೂ ಸೆರೆಯಾದವರು ಬಿಡುಗಡೆಯಾದರು, ಜರ್ಮನ್ನರೇ ಸೆರೆಯಾದರು. ಗಲಿಪೊಲಿಗಿಂತ ಇದು ದೊಡ್ಡ ಸಾಹಸ ಅಂತ ನನಗನ್ನಿಸುತ್ತದೆ, ಆದರೆ ಕೊಟ್ಟದ್ದು ಅದಕ್ಕಿಂತ ಕೆಳಗಿನ ಪದಕ, ಮಿಲಿಟರಿ ಕ್ರಾಸ್. 1917ರ ಏಪ್ರಿಲ್‌ನಲ್ಲಿ ಫ್ರಾನ್ಸಿನದೇ ಬುಲೆಕೋರ್ ಎಂಬಲ್ಲಿ ಜರ್ಮನ್ನರ ಮೇಲೆ ದಾಳಿ. ರಾತ್ರಿ ತೆವಳಿಕೊಂಡು ಹೋಗಿ ನೋಡಿ ಬಂದ ಜ್ಯಾಕಾ, ಮುಳ್ಳುತಂತಿ ಸರಿಯಾಗಿ ಕಡಿದಿಲ್ಲ ಅಂತ ಎಚ್ಚರಿಸಿದ. ದಾಳಿ ನಿಲ್ಲಲಿಲ್ಲ. ಟ್ಯಾಂಕುಗಳು ಕೈಕೊಟ್ಟವು. ಅವನ 4ನೇ ಬ್ರಿಗೇಡಿನಿಂದ ಹೋದ 3,000 ಜನರಲ್ಲಿ 2,339 ಮಂದಿ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಜ್ಯಾಕಾ ಆ ಟ್ಯಾಂಕುಗಳ ಬಗ್ಗೆ ಖಾರವಾಗಿ ವರದಿ ಬರೆದ. ಕ್ಯಾಪ್ಟನ್ ಆದವನಿಗೆ ಮುಂದೆ ಬಡ್ತಿ ಬರಲೇ ಇಲ್ಲ. ಮೇಲಿನವರ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದದ್ದೇ ಇದಕ್ಕೆ ಕಾರಣ ಅಂತ ಅವನ ಹುಡುಗರು ನಂಬಿದ್ದರು.

1918ರ ಮೇ ತಿಂಗಳಲ್ಲಿ ವಿಷಾನಿಲದ ದಾಳಿಗೆ ಸಿಕ್ಕಿಕೊಂಡ. ಮತ್ತೆ ಯುದ್ಧಕ್ಕೆ ಹೋಗಲು ಆಗಲಿಲ್ಲ.

1919ರ ಅಕ್ಟೋಬರಿನಲ್ಲಿ ಹಡಗಿನಿಂದ ಇಳಿದಾಗ 85 ಕಾರುಗಳ ಮೆರವಣಿಗೆಯಲ್ಲಿ ಅವನನ್ನು ಮೆಲ್ಬರ್ನ್ ಟೌನ್ ಹಾಲಿಗೆ ಕರೆದೊಯ್ದರು. ಅಪ್ಪನಿಗೆ ಇದು ತುಂಬಾ ಇಷ್ಟವಾಯಿತು. "ಬೆಟಾಲಿಯನ್‌ನವರು ಬಂದಿದ್ರಾ?" ಅಂತ ಕೇಳಿದರು. ಬಂದಿದ್ದರು. ಟೌನ್ ಹಾಲಿನಲ್ಲಿ ಅವನಿಗಾಗಿ ಕಾದಿದ್ದದ್ದೇ 14ನೇ ಬೆಟಾಲಿಯನ್ ಹುಡುಗರು.

ಅವರಲ್ಲೇ ಇಬ್ಬರ ಜೊತೆ ಸೇರಿ ಜ್ಯಾಕಾ ಒಂದು ವ್ಯಾಪಾರ ಶುರು ಮಾಡಿದ. ವಿದ್ಯುತ್ ಉಪಕರಣಗಳ ಆಮದು, ರಫ್ತು. 1921ರ ಜನವರಿ 17ರಂದು, ಅದೇ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಫ್ರಾನ್ಸಿಸ್ ವೆರೋನಿಕಾಳನ್ನು ಮದುವೆಯಾದ. ಸೇಂಟ್ ಕಿಲ್ಡಾದಲ್ಲೇ ಸಂಸಾರ ಹೂಡಿದರು. ಒಂದು ಹೆಣ್ಣುಮಗುವನ್ನು ದತ್ತು ತಗೊಂಡರು. 1929ರ ಸೆಪ್ಟೆಂಬರಿನಲ್ಲಿ ಊರಿನ ಕೌನ್ಸಿಲ್‌ಗೆ ಗೆದ್ದ. ಮರುವರ್ಷ ಮೇಯರ್.

ಈಗ ಅಪ್ಪನ ಪ್ರಶ್ನೆಗೆ ಬರ್ತೀನಿ.

ಅವನು ಮೇಯರ್ ಆದ ಕಾಲ ಎಂಥದ್ದು ನೋಡಿ. ಜಗತ್ತಿನ ದೊಡ್ಡ ಆರ್ಥಿಕ ಕುಸಿತ ಆಸ್ಟ್ರೇಲಿಯಾಕ್ಕೂ ಬಂದಿತ್ತು. ಯುದ್ಧದಿಂದ ಮರಳಿದವರೂ ಕೆಲಸ ಕಳೆದುಕೊಂಡರು. ಬಾಡಿಗೆ ಕಟ್ಟಲು ಆಗದವರ ಸಾಮಾನು ಬೀದಿಗೆ ಬಂತು. ಸರ್ಕಾರ ಆಮದಿನ ಮೇಲೆ ಸುಂಕ ಏರಿಸಿತು. ಆಮದನ್ನೇ ನಂಬಿದ್ದ ಜ್ಯಾಕಾನ ಕಂಪನಿ 1930ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಮೇಯರ್ ಪಟ್ಟ ಬಂದದ್ದೂ ವ್ಯಾಪಾರ ಮುಳುಗಿದ್ದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಹೊಟ್ಟೆಪಾಡಿಗೆ ಒಂದು ಸೋಪಿನ ಕಂಪನಿಯ ಮಾರಾಟಗಾರನಾಗಿ ಸೇರಿಕೊಂಡ. ಒಂದು ಕಡೆ ಕೊರಳಲ್ಲಿ ಮೇಯರ್ ಸರ, ಇನ್ನೊಂದು ಕಡೆ ಅಂಗಡಿಯಿಂದ ಅಂಗಡಿಗೆ ಸೋಪಿನ ಆರ್ಡರ್. ಆ ಎರಡರ ನಡುವೆ ಕೌನ್ಸಿಲಿನಲ್ಲಿ ತನ್ನ ಶಕ್ತಿಯನ್ನೆಲ್ಲ ಹಾಕಿದ್ದು ಕೆಲಸವಿಲ್ಲದವರ ಪರವಾಗಿ.

ನನಗೆ ಕೋಪ ಬರುವುದು ಇಲ್ಲೇ. ಕೋರ್ಟ್ನಿ ಪೋಸ್ಟಿನ ಕೆಲವು ನಿಮಿಷಗಳ ಬಗ್ಗೆ ಪುಟಗಟ್ಟಲೆ ಓದಿದೆ. ಎಷ್ಟು ಗುಂಡು, ಯಾವ ತಿರುವು, ಯಾರು ಏನು ಕೂಗಿದರು, ಎಲ್ಲ ಇದೆ. ಮೇಯರ್ ಆಗಿದ್ದ ಇಡೀ ವರ್ಷಕ್ಕೆ ನನಗೆ ಸಿಕ್ಕಿದ್ದು ಬಹಳ ಕಡೆ ಎರಡು, ಮೂರು ಸಾಲು. ಏಳು ಗಾಯ, ವಿಷಾನಿಲ ತಡೆದುಕೊಂಡಿದ್ದ ದೇಹ ಸೋತದ್ದು ಈ ವರ್ಷಗಳಲ್ಲಿ ಅಲ್ವಾ? ಅದನ್ನೂ ಅಷ್ಟೇ ಅಕ್ಕರೆಯಿಂದ ಬರೆಯಬೇಕಿತ್ತು.

1931ರ ಡಿಸೆಂಬರ್ 18ರಂದು ಕಾಲ್‌ಫೀಲ್ಡ್ ಮಿಲಿಟರಿ ಆಸ್ಪತ್ರೆಗೆ ಸೇರಿದ. ಮೂತ್ರಪಿಂಡದ ಹಳೇ ಕಾಯಿಲೆ ಬಲಿತಿತ್ತು. 1932ರ ಜನವರಿ 17ರಂದು ತೀರಿಕೊಂಡ. ಮದುವೆಯಾಗಿ ಸರಿಯಾಗಿ 11 ವರ್ಷ, ಅದೇ ತಾರೀಖು. ವಯಸ್ಸು 39. ಅಂತಿಮ ದರ್ಶನಕ್ಕೆ ಸುಮಾರು 6,000 ಜನ ಸಾಲಿನಲ್ಲಿ ಬಂದರು. ಪೆಟ್ಟಿಗೆ ಹೊತ್ತ ಎಂಟೂ ಜನ ವಿಕ್ಟೋರಿಯಾ ಕ್ರಾಸ್ ಪಡೆದವರು. ಆಮೇಲೆ ಊರಿನವರು ಅವನ ಹೆಂಡತಿಗೆ ಮನೆ ಮಾಡಿಕೊಡಲು ಹಣ ಕೂಡಿಸಿದರು. ಅಂದರೆ ಇಷ್ಟು ವರ್ಷ ಆದರೂ ಅವನು ತನಗೆ ಅಂತ ಏನೂ ಮಾಡಿಕೊಂಡಿರಲಿಲ್ಲ.

ಅಪ್ಪ ಎಲ್ಲ ಕೇಳಿಸಿಕೊಂಡರು. ತಲೆಯ ಟೋಪಿ ತೆಗೆದು, ಬಗ್ಗಿ, ಕಲ್ಲಿನ ಮೇಲೆ ಅಂಟಿದ್ದ ಒಣಗಿದ ಎಲೆಯನ್ನು ಉಗುರಿನಿಂದ ಬಿಡಿಸಿದರು. "39. ಪಾಪ, ಮಗು ಚಿಕ್ಕದು" ಅಂದರು.

ವಾಪಸ್ ಬರುವಾಗ ಟೌನ್ ಹಾಲ್ ನೋಡಬೇಕು ಅಂದರು. ಕಾರ್ಲೈಲ್ ಬೀದಿಯ ಮೂಲೆಯಲ್ಲಿದೆ, 1890ರ ಕಟ್ಟಡ. ಭಾನುವಾರ, ಬಾಗಿಲು ಹಾಕಿತ್ತು. ಅಪ್ಪ ಎದುರಿನ ನೆರಳಿನಲ್ಲಿ ನಿಂತು ಆ ದಪ್ಪ ಕಂಬಗಳನ್ನು ತುಂಬಾ ಹೊತ್ತು ನೋಡಿದರು. ನಿವೃತ್ತಿ ಆದಮೇಲೆ ಅವರೂ ಒಂದು ಅವಧಿ ಗ್ರಾಮ ಪಂಚಾಯ್ತಿ ಸದಸ್ಯರಾಗಿದ್ದರು. ನಮ್ಮ ಮನೆ ಜಗಲಿಯ ಮೇಲೆ ಬೆಳಿಗ್ಗೆ ಆರಕ್ಕೇ ಜನ. ರೇಷನ್ ಕಾರ್ಡ್, ವಿಧವಾ ವೇತನ, ಬೋರ್‌ವೆಲ್ ಮೋಟಾರು. ಅಮ್ಮ ಬೈದುಕೊಂಡೇ ಅಷ್ಟೂ ಜನಕ್ಕೆ ಕಾಫಿ ಕೊಡುತ್ತಿದ್ದಳು. ಸದಸ್ಯತ್ವ ಮುಗಿದು 20 ವರ್ಷದ ಮೇಲಾಯಿತು. ಜನ ಬರುವುದು ನಿಂತಿಲ್ಲ.

ಟ್ರಾಮ್ ಹತ್ತುವ ಹೊತ್ತಿಗೆ ಅವರ ಫೋನ್ ಹೊಡೆದುಕೊಂಡಿತು. ಊರಿನಿಂದ. ಯಾರದೋ ಪಿಂಚಣಿ ಎರಡು ತಿಂಗಳಿಂದ ಬಂದಿಲ್ಲವಂತೆ. ಅಪ್ಪ ಕಿಟಕಿ ಕಡೆ ತಿರುಗಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಜೋರಾಗಿ ಹೇಳುತ್ತಿದ್ದರು: "ಬ್ಯಾಂಕ್ ಪಾಸ್‌ಬುಕ್ಕು ಮೊದಲನೇ ಪುಟ ಜೆರಾಕ್ಸ್ ಮಾಡ್ಸು. ಆಧಾರ್‌ದೂ ಒಂದು. ಸೋಮವಾರ ನಾಡಕಚೇರಿಗೆ ಹೋಗು. ಆಗ್ಲಿಲ್ಲ ಅಂದ್ರೆ ಅಲ್ಲಿಂದ್ಲೇ ನಂಗೆ ಫೋನ್ ಮಾಡು, ನಾನು ಮಾತಾಡ್ತೀನಿ."