ತೀರ್ವೆಯ ಹಣದಲ್ಲಿ ಸಂವಿಧಾನ ಬದಲಿಸುವ ಪ್ರಚಾರ ಬೇಡ

ಅಮೆರಿಕದಲ್ಲಿ ನೆಲೆಸಿರುವ ತಮ್ಮನ ಮಗಳು ಕಳೆದ ವಾರ ಫೋನು ಮಾಡಿದಾಗ, ಸಂವಿಧಾನಕ್ಕೆ ತಿದ್ದುಪಡಿ ಸೂಚಿಸುವ ಸಮಾವೇಶವೊಂದನ್ನು ಕರೆಸುವ ಪ್ರಯತ್ನಕ್ಕೆ ತಾನಿರುವ ರಾಜ್ಯದ ಬೊಕ್ಕಸದಿಂದ ಹಣ ಕೊಡಬೇಕೆಂಬ ಮಾತು ಅಲ್ಲಿ ನಡೆಯುತ್ತಿದೆ ಎಂದಳು. "ನನಗೆ ಆ ಸಮಾವೇಶವೇ ಬೇಡ ದೊಡ್ಡಪ್ಪ, ಆದರೆ ಅದು ಬೇಕೆಂದು ಓಡಾಡುವವರ ದಾರಿ ಖರ್ಚು ನನ್ನ ತೆರಿಗೆಯಿಂದಲೇ ಹೋಗುತ್ತದೆ" ಎಂದಳು. ಅವಳ ಆಕ್ಷೇಪ ಸರಿಯೆಂದೇ ನನ್ನ ನಂಬಿಕೆ. ಅದಕ್ಕೆ ಕಾರಣಗಳನ್ನು ಕಾಸರಗೋಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ಅಮೆರಿಕದ ಸಂವಿಧಾನದ ಐದನೆಯ ವಿಧಿಯು ತಿದ್ದುಪಡಿಯನ್ನು ಸೂಚಿಸಲು ಎರಡು ದಾರಿಗಳನ್ನು ಕೊಟ್ಟಿದೆ. ಅಲ್ಲಿನ ಸಂಸತ್ತು ಮೂರನೇ ಎರಡು ಬಹುಮತದಿಂದ ಸೂಚಿಸಬಹುದು; ಇಲ್ಲವೇ 50 ರಾಜ್ಯಗಳಲ್ಲಿ 34 ರಾಜ್ಯಗಳ ಶಾಸನಸಭೆಗಳು ಕೇಳಿಕೊಂಡರೆ ಸಮಾವೇಶವೊಂದನ್ನು ಕರೆಯಬೇಕು. ಯಾವ ದಾರಿಯಿಂದ ಬಂದರೂ 38 ರಾಜ್ಯಗಳು ಒಪ್ಪಿದ ಮೇಲೆಯೇ ತಿದ್ದುಪಡಿ ಜಾರಿಗೆ ಬರುತ್ತದೆ. ಈವರೆಗಿನ 27 ತಿದ್ದುಪಡಿಗಳೂ ಮೊದಲ ದಾರಿಯಿಂದಲೇ ಬಂದವು. ಎರಡನೆಯ ದಾರಿಯಲ್ಲಿ ಒಮ್ಮೆಯೂ ಯಾರೂ ನಡೆದಿಲ್ಲ; ಪ್ರತಿನಿಧಿಗಳನ್ನು ಆರಿಸುವುದು ಹೇಗೆ, ಒಂದೊಂದು ರಾಜ್ಯಕ್ಕೆ ಎಷ್ಟು ಮತ, ಚರ್ಚೆಗೆ ಗಡಿ ಹಾಕುವವರು ಯಾರು ಎಂಬ ಪ್ರಶ್ನೆಗಳಿಗೆ ಆ ವಿಧಿಯಲ್ಲಿ ಉತ್ತರವಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಸಭೆಯನ್ನು ಕರೆದದ್ದು ಅಂದಿನ ಒಕ್ಕೂಟದ ಒಪ್ಪಂದವನ್ನು ತಿದ್ದುವುದಕ್ಕೆ ಮಾತ್ರ. ಆದರೆ ಅದು ಬಾಗಿಲು ಮುಚ್ಚಿಕೊಂಡು ಹೊಸ ಸಂವಿಧಾನವನ್ನೇ ಬರೆಯಿತು, 13 ರಾಜ್ಯಗಳೂ ಒಪ್ಪಬೇಕೆಂಬ ಹಳೆಯ ನಿಯಮವನ್ನು ಬದಿಗಿಟ್ಟು ಒಂಬತ್ತು ಸಾಕೆಂದಿತು. ಅದರಿಂದ ಒಳ್ಳೆಯದಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೊಟ್ಟ ಕೆಲಸದ ಎಲ್ಲೆಯನ್ನು ಸಭೆ ದಾಟಬಲ್ಲದು ಎಂಬುದಂತೂ ಅಲ್ಲಿಯೇ ರುಜುವಾತಾಗಿದೆ.

ಈ ಎಲ್ಲೆಯ ಪ್ರಶ್ನೆ ನಮ್ಮ ಊರಿನವರಿಗೆ ಹೊಸದಲ್ಲ. ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ಬಸ್ಸು ಎಡನೀರು ಮಠದ ಹಾದಿಯಲ್ಲೇ ಸಾಗುತ್ತದೆ. ಆ ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠವು 1973ರ ಏಪ್ರಿಲ್ 24ರಂದು, 7-6ರ ಕೂದಲೆಳೆಯ ಬಹುಮತದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ತೀರ್ಪಿತ್ತಿತು. ಸ್ವಾಮಿಗಳು 2020ರಲ್ಲಿ ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಈ ತೀರ್ಪನ್ನು ನೆನೆದವು. ಇಂಥ ಬೇಲಿಯೊಂದು ಅಮೆರಿಕದ ಸಮಾವೇಶದ ಸುತ್ತ ಇಲ್ಲ.

ಆದರೂ ಸಮಾವೇಶ ಬೇಕೆನ್ನುವವರಿಗೆ ಹಾಗೆ ಕೇಳುವ ಹಕ್ಕಿದೆ. ಕೇಂದ್ರದ ಆಯವ್ಯಯ ಸರಿತೂಗಬೇಕೆಂದು ಬಯಸುವವರು ಬಹಳ ಕಾಲದಿಂದ ಕೇಳುತ್ತಿದ್ದಾರೆ; ಚುನಾವಣೆಯಲ್ಲಿ ಹರಿಯುವ ಹಣಕ್ಕೆ ಕಡಿವಾಣ ಬೇಕೆನ್ನುವವರೂ ಇದೇ ದಾರಿಯನ್ನು ಹಿಡಿದಿದ್ದಾರೆ. ಇನ್ನೊಂದೆಡೆ ಡೆಲವೇರ್, ಮೇರಿಲ್ಯಾಂಡ್, ನ್ಯೂ ಮೆಕ್ಸಿಕೊದಂಥ ರಾಜ್ಯಗಳು ತಾವು ಹಿಂದೆ ಕಳುಹಿಸಿದ್ದ ಕೋರಿಕೆಗಳನ್ನು 2016, 2017ರಲ್ಲಿ ಹಿಂದಕ್ಕೆ ಪಡೆದವು. ಹೀಗೆ ಜನರು ಎರಡು ಪಾಲಾಗಿರುವ ವಿಷಯದಲ್ಲಿ ಒಂದು ಪಾಲಿನ ಪ್ರಯಾಣಕ್ಕೂ ಪ್ರಚಾರಕ್ಕೂ ಇಬ್ಬರ ತೆರಿಗೆಯಿಂದಲೂ ಹಣ ತೆಗೆಯುವುದು ಅನ್ಯಾಯ. ಒಪ್ಪದ ಅಭಿಪ್ರಾಯವನ್ನು ಹರಡಲು ಮನುಷ್ಯನಿಂದ ಬಲವಂತವಾಗಿ ಹಣ ಕೀಳುವುದು ಪಾಪ, ದಬ್ಬಾಳಿಕೆ ಎಂದು ಥಾಮಸ್ ಜೆಫರ್ಸನ್ ಬರೆದ, 1786ರಲ್ಲಿ ವರ್ಜೀನಿಯಾ ಅಂಗೀಕರಿಸಿದ ಧಾರ್ಮಿಕ ಸ್ವಾತಂತ್ರ್ಯದ ಶಾಸನವೇ ಸಾರುತ್ತದೆ. ನಮ್ಮ ಸಂವಿಧಾನದ 27ನೆಯ ವಿಧಿಯೂ ಯಾವುದೇ ಒಂದು ಧರ್ಮದ ಪೋಷಣೆಗೆಂದು ಮೀಸಲಿಟ್ಟ ತೆರಿಗೆಯನ್ನು ಕೊಡುವಂತೆ ಯಾರನ್ನೂ ಒತ್ತಾಯಿಸಬಾರದು ಎನ್ನುತ್ತದೆ. ಈ ಎರಡು ಮಾತುಗಳೂ ಧರ್ಮದ ಕುರಿತಾದವು, ನಿಜ. ಅವುಗಳ ಹಿಂದಿನ ನ್ಯಾಯ ಮಾತ್ರ ಧರ್ಮಕ್ಕಷ್ಟೇ ಸೀಮಿತವೆಂದು ನನಗೆ ಅನ್ನಿಸುವುದಿಲ್ಲ.

ನಾನು ಪ್ರತಿವರ್ಷ ಅಡಿಕೆ ತೋಟದ ತೀರ್ವೆ ಕಟ್ಟಿ ತರುವ ರಶೀದಿ ಮಲಯಾಳದಲ್ಲಿರುತ್ತದೆ. ಅಮ್ಮನಿಗೆ ಕನ್ನಡವಲ್ಲದೆ ಬೇರೆ ಅಕ್ಷರ ಬಾರದು. ಅವರು ಅದರ ಬೆನ್ನಿಗೆ ಪೆನ್ಸಿಲಿನಿಂದ "ತೋಟದ ತೀರ್ವೆ" ಎಂದೂ ವರ್ಷವನ್ನೂ ಬರೆದು, ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಪಂಚಾಂಗದ ನಡುವೆ ಇಡುತ್ತಾರೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ವರ್ಷದ ಏಳನೆಯ ತಿದ್ದುಪಡಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂಬ 350ಎ ವಿಧಿಯನ್ನು ಸೇರಿಸಿತು. ಇಲ್ಲಿನ ಕನ್ನಡ ಶಾಲೆಗಳಿಗಾಗಿ ನಾವು ಸರಕಾರದ ಮುಂದೆ ನಿಂತಾಗಲೆಲ್ಲ ತೋರಿಸುವುದು ಆ ವಿಧಿಯನ್ನೇ. ಅದನ್ನು ತೆಗೆದುಹಾಕಬೇಕೆಂಬ ಚಳವಳಿಯೊಂದು ಮುಂದೆಂದಾದರೂ ಹುಟ್ಟಿ, ರಾಜ್ಯದ ಬೊಕ್ಕಸದಿಂದ ಅದಕ್ಕೆ ಹಣ ಸಂದರೆ, ಅಮ್ಮನ ಪೆಟ್ಟಿಗೆಯಲ್ಲಿರುವ ಅಷ್ಟೂ ರಶೀದಿಗಳ ಹಣವೂ ಅದರಲ್ಲಿ ಸೇರಿರುತ್ತದೆ. ತಮ್ಮನ ಮಗಳ ಸಂಕಟ ನನಗೆ ಅರ್ಥವಾದದ್ದು ಹೀಗೆ.

ಸಮಾವೇಶವು ವಿಧಿವತ್ತಾಗಿ ಕರೆಯಲ್ಪಟ್ಟರೆ ಅದರ ಖರ್ಚನ್ನು ಸರಕಾರವೇ ಭರಿಸಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನಮ್ಮ ಸಂವಿಧಾನ ಸಭೆಯ ಸುಮಾರು ಮೂರು ವರ್ಷಗಳ ಕೆಲಸಕ್ಕೆ 64 ಲಕ್ಷ ರೂಪಾಯಿಯಷ್ಟು ಖರ್ಚಾಗಿತ್ತು. ಅಧ್ಯಕ್ಷ ರಾಜೇಂದ್ರ ಪ್ರಸಾದರು 1949ರ ನವೆಂಬರ್ 26ರಂದು ಸಭೆಯ ಮುಂದೆಯೇ ಆ ಲೆಕ್ಕ ಒಪ್ಪಿಸಿದರು. ಶಾಸನಸಭೆಯು ಎರಡೂ ಪಕ್ಷದವರನ್ನು ಕರೆಸಿ ಅಹವಾಲು ಕೇಳಿದರೆ ಅದರ ಖರ್ಚೂ ನ್ಯಾಯವಾದದ್ದೇ. ಅದಕ್ಕಿಂತ ಮುಂಚಿನ ಚಳವಳಿಗೆ ಬೇಕಾದ ಹಣವನ್ನು ಅದನ್ನು ನಂಬಿದವರು ತಮ್ಮೊಳಗೆ ಚಂದಾ ಎತ್ತಿ ಹೊಂದಿಸಿಕೊಳ್ಳಲಿ. ತನ್ನ ಕ್ಷೇತ್ರದ ಶಾಸಕರಿಗೆ ತಮ್ಮನ ಮಗಳು ಪತ್ರ ಬರೆಯುತ್ತಿದ್ದಾಳೆ. ಹಣ ಯಾವ ಬಾಬತ್ತಿನಿಂದ ಹೊರಟು ಯಾರ ಕೈ ಸೇರುತ್ತದೆ ಎಂಬುದನ್ನು ಮೊದಲ ಸಾಲಿನಲ್ಲೇ ಕೇಳೆಂದು ಹೇಳಿದ್ದೇನೆ.