ಚಿತ್ರಕೃಪೆ: ಇಂಟರ್‌ನೆಟ್

ಬಾದಾಮಿಯ ಅಗಸ್ತ್ಯ ತೀರ್ಥ, ಆಚೆ ದಂಡೆಗೆ ಭೂತನಾಥ ಗುಡಿ, ಹಿಂದೆ ಕೆಂಪು ಬಂಡೆ, ನೀರಲ್ಲಿ ಎಲ್ಲದರ ನೆರಳು. ಈ ಫೋಟೊ ನೀವು ನೋಡೇ ಇರುತ್ತೀರಿ. ಪ್ರವಾಸದ ಪುರವಣಿಯಲ್ಲಿ, ಕ್ಯಾಲೆಂಡರಿನಲ್ಲಿ, ರಾಜ್ಯೋತ್ಸವದ ಶುಭಾಶಯದಲ್ಲಿ, ಲಾಡ್ಜಿನ ರಿಸೆಪ್ಷನ್ ಗೋಡೆ ಮೇಲೆ. ಕೆಳಗೆ ಒಂದೋ ಏನೂ ಇರುವುದಿಲ್ಲ, ಇಲ್ಲವೇ ಇರುವೆ ಗಾತ್ರದ ಅಕ್ಷರದಲ್ಲಿ "ಚಿತ್ರಕೃಪೆ: ಇಂಟರ್‌ನೆಟ್". ಈ ಇಂಟರ್‌ನೆಟ್ ಅನ್ನುವ ಮಹಾನುಭಾವನನ್ನು ಒಮ್ಮೆ ಭೇಟಿಯಾಗಬೇಕು ಅಂತ ನನಗೆ ಭಾಳ ಆಸೆ ಇದೆ. ಏನು ಕಣ್ಣು, ಏನು ಕೈ! ಅಕ್ಕ-ತಂಗಿಯರ ಜಲಪಾತವೂ ಅವನದೇ, ಗೋಳಗುಮ್ಮಟವೂ ಅವನದೇ, ಗೋಕಾಕ ಫಾಲ್ಸೂ ಅವನದೇ. ರೊಕ್ಕ ಕೇಳುವುದಿಲ್ಲ, ಪಾಪ.

ನಾನು ಬಾಗಲಕೋಟೆಯ ನವನಗರದಲ್ಲಿ ಕೂತು ಚಿತ್ರ ಬರೆದು ಹೊಟ್ಟೆ ಹೊರೆಯುವವನು. ಮಕ್ಕಳ ಪುಸ್ತಕ, ಶಾಲೆಯ ಗೋಡೆ, ರೊಟ್ಟಿ-ಚಟ್ನಿಪುಡಿ ಮಾಡುವ ಸಂಘದ ಲೋಗೋ, ಮದುವೆ ಕಾರ್ಡಿನ ಮೇಲೆ ಗಂಡು-ಹೆಣ್ಣಿನ ಕ್ಯಾರಿಕೇಚರ್, ಬಂದದ್ದು ಮಾಡುತ್ತೇನೆ. ನನ್ನ ಗೆಳೆಯರೂ ಹೀಗೇ. ಒಬ್ಬ ಮುಧೋಳದ ಕಡೆ ಮದುವೆ ಫೋಟೊ ತೆಗೆಯುತ್ತಾನೆ, ಲಗ್ನದ ಸೀಸನ್ ಮುಗಿದ ಮೇಲೆ ಐಹೊಳೆಯಲ್ಲಿ ಸುಮ್ನೆ ಕಲ್ಲು ನೋಡುತ್ತಾ ತಿರುಗುತ್ತಾನೆ. ಬೆಳಗಾವಿಯ ಗೆಳತಿಯೊಬ್ಬಳು ಇಳಕಲ್ ಸೀರೆಯ ಟೋಪು ತೆನಿ ಸೆರಗು, ಗುಳೇದಗುಡ್ಡದ ಖಣದ ಬುಟ್ಟಾಗಳನ್ನು ಟ್ಯಾಬ್ಲೆಟ್ ಮೇಲೆ ಹೊಸದಾಗಿ ಬರೆದು ಪುಸ್ತಕದ ಮುಖಪುಟ ಮಾಡುತ್ತಾಳೆ. ಬೆಂಗಳೂರಿನಿಂದ ಯಾರಾದರೂ ಬಂದರೆ ಕೇಳುವುದು ಒಂದೇ ಪ್ರಶ್ನೆ, "ಇಲ್ಲಿ ಕೂತು ಕ್ರಿಯೇಟಿವ್ ಕೆಲಸ ಸಿಗುತ್ತಾ?" ಸಿಗುತ್ತದೆ. ಕೆಲಸಕ್ಕೆ ಬರ ಇಲ್ಲ. ಕೆಲಸದ ಕೆಳಗೆ ಹೆಸರು ಉಳಿಸಿಕೊಳ್ಳುವುದೇ ಕಷ್ಟ.

ಇದು ಮೊದಲಿನಿಂದಲೂ ಹೀಗೆ ಇರಲಿಲ್ಲ ಅನ್ನುವುದು ನನ್ನ ವಾದ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ನಾಟಕ ಕಂಪನಿಗಳು ವಾರಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತವೆ. ರಾತ್ರಿಯಿಡೀ ನಾಟಕ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಫ್ಲೆಕ್ಸ್ ಬರುವ ಮೊದಲು ಆ ಬೋರ್ಡುಗಳನ್ನೆಲ್ಲ ಕೈಯಲ್ಲೇ ಬರೆಯುತ್ತಿದ್ದರು. ಆ ಕೆಲಸ ಮಾಡಿ ಬೆಳೆದ ಒಬ್ಬ ಹಿರಿಯ ಪೇಂಟರ್ ಹತ್ತಿರ ನಾನು ಕೆಲ ದಿನ ಕೂತಿದ್ದೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ದಾರಕ್ಕೆ ನೀಲಿಪುಡಿ ಹಚ್ಚಿ, ಎರಡೂ ತುದಿ ಹಿಡಿದು ನಡುವೆ ಟಣ್ಣಂತ ಮಿಡಿಯುತ್ತಿದ್ದರು. ನೀಟಾದ ಗೆರೆ ಬೀಳುತ್ತಿತ್ತು. ಹಾಗೆ ಚೌಕ ಹಾಕಿಕೊಂಡು, ಕೈಯಲ್ಲಿರುವ ಪಾಸ್‌ಪೋರ್ಟ್ ಸೈಜಿನ ಫೋಟೊವನ್ನು ಆಳೆತ್ತರದ ಮುಖ ಮಾಡುವುದು. ಖಳನಾಯಕನ ಮುಖಕ್ಕೆ ಒಂದು ಕಡೆಯಿಂದ ಹಸಿರು ಬೆಳಕು, ಹಾಸ್ಯನಟನ ಕೆನ್ನೆಗೆ ಗುಲಾಬಿ. ಅಕ್ಷರದ ಮೇಲೆ ಅವರಿಗೆ ಇನ್ನೂ ಪ್ರೀತಿ ಜಾಸ್ತಿ. ನಾಟಕದ ಹೆಸರು ಹಳದಿಯಲ್ಲಿ ಬರೆದು, ಅದರ ಬಲಮಗ್ಗುಲಿಗೆ ಕೆಂಪು ಶೇಡ್, ಅದರಾಚೆ ಕಪ್ಪು ಗೆರೆ. ಒತ್ತಕ್ಷರ ಬಂದಲ್ಲಿ ಶೇಡ್ ಒಂದರ ಮೇಲೊಂದು ಬಿದ್ದು ಗಿಜಿಗಿಜಿ ಆಗುತ್ತದೆ, ಅದನ್ನು ಬಿಡಿಸುವುದೇ ಕಸುಬು. ಅಷ್ಟೆಲ್ಲ ಆದ ಮೇಲೆ, ಎಲ್ಲಕ್ಕಿಂತ ಕಡೆಗೆ, ಕೆಳಗಿನ ಬಲ ಮೂಲೆಯಲ್ಲಿ ಸಣ್ಣ ಬ್ರಷ್ ಹಿಡಿದು ಒಂದೇ ಉಸಿರಿಗೆ ತಮ್ಮ "ಆರ್ಟ್ಸ್" ಹೆಸರು, ಅದರ ಕೆಳಗೆ ಊರು.

ಆ ಸಹಿ ಹಾಕಲಿಕ್ಕೆ ಅವರು ಯಾರ ಪರವಾನಗಿಯನ್ನೂ ಕೇಳುತ್ತಿರಲಿಲ್ಲ. ಕಂಪನಿ ಮಾಲೀಕರೂ ಬೇಡ ಅನ್ನುತ್ತಿರಲಿಲ್ಲ. ಜಾತ್ರೆಗೆ ಬಂದ ಮಂದಿ ನಿಂತು ಬೋರ್ಡು ನೋಡಿ, "ಇದು ಇಂಥವರ ಕೈ" ಅಂತ ಗುರುತು ಹಿಡಿಯುತ್ತಿದ್ದರು. ಈಗ ಅದೇ ಮೂಲೆಯಲ್ಲಿ ಏನಿರುತ್ತದೆ ನೋಡಿದ್ದೀರಾ? ಫ್ಲೆಕ್ಸ್ ಪ್ರಿಂಟ್ ಮಾಡಿದ ಅಂಗಡಿಯ ಮೊಬೈಲ್ ನಂಬರ್. ಒಳಗೆ ಕೋರಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್ ಮುಂದೆ ರಾತ್ರಿ ಎರಡರ ತನಕ ಕೂತು ನಲವತ್ತು ಮುಖಂಡರ ಮುಖ ಕತ್ತರಿಸಿ, ಹಿರಿತನದ ಪ್ರಕಾರ ದೊಡ್ಡದು-ಸಣ್ಣದು ಜೋಡಿಸಿದ ಹುಡುಗನ ಹೆಸರಲ್ಲ. ಅದೇನು ಕಲೆನಾ ಅಂತ ನೀವು ಕೇಳಬಹುದು. ನಲವತ್ತರಲ್ಲಿ ಒಬ್ಬರ ಮುಖ ಒಂದಂಗುಲ ಸಣ್ಣದಾದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಈಗ ಪಟ್ಟದಕಲ್ಲಿಗೆ ಬನ್ನಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ, ಎಂಟನೇ ಶತಮಾನದ್ದು. ಗೈಡುಗಳು ರಾಜನ ಕತೆ, ರಾಣಿಯ ಕತೆ ಚೆನ್ನಾಗಿ ಹೇಳುತ್ತಾರೆ. ಅಲ್ಲಿನ ಶಾಸನದಲ್ಲಿ ಇನ್ನೊಬ್ಬ ಮನುಷ್ಯನ ಹೆಸರಿದೆ, ಗುಂಡ. ಗುಡಿ ಕಟ್ಟಿದ ಸೂತ್ರಧಾರಿ. ಅನಿವಾರಿತಾಚಾರಿ ಅಂತಲೂ ಕರೆದಿದ್ದಾರೆ, ತ್ರಿಭುವನಾಚಾರಿ ಎಂಬ ಬಿರುದೂ ಸಿಕ್ಕಿದೆ. ಸರ್ವಸಿದ್ಧಿ ಆಚಾರಿ ಅಂತ ಇನ್ನೊಬ್ಬ ದೊಡ್ಡ ಕಸುಬುದಾರನ ಹೊಗಳಿಕೆಯೂ ಇದೆ. ಸ್ವಲ್ಪ ದೂರದಲ್ಲಿರುವ ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜ ಅನ್ನುವ ಕಸುಬುದಾರನ ಹೆಸರು ಇದೆ. ಇಷ್ಟೇ ಅಲ್ಲ, ಒಂದೊಂದು ಶಿಲ್ಪಕ್ಕೆ ಇಂಥವನು ಕೆತ್ತಿದ್ದು ಅಂತ ಬಿಡಿ ಹೆಸರುಗಳೂ ಅಲ್ಲಲ್ಲಿ ಇವೆ. ಬಾದಾಮಿಯಲ್ಲೂ ಐಹೊಳೆಯಲ್ಲೂ ಕಲ್ಲಿನ ಮೇಲೆ ಕಲ್ಲುಕುಟಿಗರ ಹೆಸರು ಸಿಗುತ್ತವೆ.

ಮುಧೋಳದ ಗೆಳೆಯ ಆ ಹೆಸರುಗಳ ಫೋಟೊ ತೆಗೆಯುವುದನ್ನು ನೋಡಬೇಕು. ನಡು ಮಧ್ಯಾಹ್ನ ಹೋದರೆ ಅಕ್ಷರ ಕಾಣುವುದೇ ಇಲ್ಲ, ಕಲ್ಲು ಬರೀ ಕಲ್ಲಾಗಿರುತ್ತದೆ. ಬಿಸಿಲು ಎದುರಿನಿಂದ ಬಿದ್ದರೆ ಕೆತ್ತನೆಯ ಆಳಕ್ಕೆ ನೆರಳೇ ಹುಟ್ಟುವುದಿಲ್ಲ. ಬೆಳಿಗ್ಗೆಯ ಅಥವಾ ಸಂಜೆಯ ಇಳಿಬಿಸಿಲು ಗೋಡೆಯನ್ನು ಮಗ್ಗುಲಿನಿಂದ ಸವರಿಕೊಂಡು ಹೋಗುವಾಗ ಮಾತ್ರ ಒಂದೊಂದೇ ಗೆರೆ ಎದ್ದು ನಿಲ್ಲುತ್ತದೆ. ಮೊದಲು ಒಂದು ಕೊಂಬು, ಆಮೇಲೆ ಒಂದು ಸುತ್ತು, ಆಮೇಲೆ ನೋಡುನೋಡುತ್ತಾ ಇಡೀ ಸಾಲು. ಹತ್ತು-ಹದಿನೈದು ನಿಮಿಷದಲ್ಲಿ ಮತ್ತೆ ಮಾಯ. ಸ್ಮಾರಕದೊಳಗೆ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದಕ್ಕೆ ಇವನು ಉಸಿರು ಬಿಗಿಹಿಡಿದು ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಇಂಥ ಒಂದು ಫೋಟೊ, ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ತನ್ನ ಹೆಸರು ಉಳಿಸಿಕೊಂಡ ಒಬ್ಬ ಶಿಲ್ಪಿಯ ಸಹಿಯ ಫೋಟೊ, ಮೂರೇ ದಿನದಲ್ಲಿ ಒಂದು ಜನಪ್ರಿಯ ಪೇಜಿನಲ್ಲಿ ಬಂತು. ಗೆಳೆಯನ ವಾಟರ್‌ಮಾರ್ಕ್ ಇದ್ದ ಅಂಚನ್ನು ಮಾತ್ರ ಕತ್ತರಿಸಿದ್ದರು. ಮೆಸೇಜ್ ಹಾಕಿದರೆ "ನಮ್ಮ ಪೇಜಿಂದ ನಿಮ್ಮ ಫೋಟೊ ಲಕ್ಷ ಮಂದಿ ನೋಡಿದ್ರಲ್ರಿ" ಅಂತ ಉತ್ತರ. ಫೋಟೊ ನೋಡಿದರು ಖರೆ. ಯಾರದು ಅಂತ ನೋಡಿದರಾ?

ವಿಜಯಪುರಕ್ಕೆ ಹೋದರೆ ಎರಡೂ ತರದ ಉದಾಹರಣೆ ಸಿಗುತ್ತದೆ. ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಅಕ್ಷರದ ಜಾಲರಿ ಮಾಡಿದ್ದಾರೆ, ಬೆಳಕು ಅಕ್ಷರದ ಸಂದಿನಿಂದಲೇ ಒಳಗೆ ಬರುತ್ತದೆ. ನನ್ನಂಥ ಅಕ್ಷರದ ಹುಚ್ಚು ಇರುವವರು ಅಲ್ಲಿ ಅರ್ಧ ದಿನ ಕಳೆಯಬಹುದು. ಅದನ್ನು ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಅಲ್ಲಿನ ಶಾಸನದಲ್ಲೇ ಉಳಿದಿದೆ. ಇದೇ ಊರಿನ ಕಟ್ಟಡಗಳ ಬಗ್ಗೆ 1866ರಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಪುಸ್ತಕ ಬಂತು. ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್ ಬರೆದದ್ದು. ಫೋಟೊಗಳು ಬಿಗ್ಸ್ ಮತ್ತು ಲಾಕ್ ಎಂಬ ಸೇನಾಧಿಕಾರಿಗಳವು. ಬಿಗ್ಸ್ ಅಂದರೆ 1855ರಲ್ಲೇ ನಮ್ಮ ಬಾದಾಮಿ, ಐಹೊಳೆ ಕಡೆಯೆಲ್ಲ ಕ್ಯಾಮೆರಾ ಹೊತ್ತು ತಿರುಗಿದವನು. ಆ ಪುಸ್ತಕದ ಮುಖಪುಟದಲ್ಲಿ ನಕ್ಷೆ ಬರೆದವರ ಹೆಸರೂ ಇದೆ, ಕ್ಯಾಪ್ಟನ್ ಹಾರ್ಟ್, ಕಮಿಂಗ್. ಆಮೇಲೆ? "ಮತ್ತು ಸ್ಥಳೀಯ ನಕ್ಷೆಗಾರರು". ಅಷ್ಟೇ. ಗುಮ್ಮಟದ ಅಳತೆ ಹಿಡಿದು, ಕಮಾನಿನ ಒಂದೊಂದು ಹೂಬಳ್ಳಿ ಗೆರೆ ಎಳೆದ ಆ ನಮ್ಮ ಮಂದಿ ಯಾರು ಅಂತ ಮುಖಪುಟ ಹೇಳುವುದಿಲ್ಲ. ಅಲ್ಲಿಗೂ ನಮ್ಮ ಇಂಟರ್‌ನೆಟ್ ಮಹಾಶಯನ ಅಜ್ಜನೇ ಹೋಗಿದ್ದ ಅಂತ ಕಾಣುತ್ತದೆ.

ಬೆಳಗಾವಿಯ ರವಿ ಪರಾಂಜಪೆ ಅವರ ವಿಷಯ ಇಲ್ಲಿ ಹೇಳಲೇಬೇಕು. 1935ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಅಲ್ಲೇ ಕೆ.ಬಿ. ಕುಲಕರ್ಣಿ ಅವರ ಚಿತ್ರಮಂದಿರದಲ್ಲಿ ಕಲಿತವರು. ಮುಂಬೈಗೆ ಹೋದರು, ನೈರೋಬಿಯಲ್ಲೂ ಕೆಲಸ ಮಾಡಿದರು, 2022ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಜಾಹೀರಾತಿಗೆ ಬರೆದರು, ಪತ್ರಿಕೆಗೆ ಬರೆದರು, ಇನ್ನೂ ಕಟ್ಟದ ಕಟ್ಟಡ ಹೇಗೆ ಕಾಣುತ್ತದೆ ಅಂತ ಆರ್ಕಿಟೆಕ್ಟರಿಗೆ ಚಿತ್ರ ಬರೆದುಕೊಟ್ಟರು. ಇದೆಲ್ಲ ಗ್ಯಾಲರಿ ಮಂದಿ ಮೂಗು ಮುರಿಯುವ ಕೆಲಸವೇ. ಅವರ ಇಲಸ್ಟ್ರೇಷನ್ ತೆಗೆದು ನೋಡಿ, ಗೆರೆ ಎಲ್ಲೂ ಬಾಡಿಗೆಗೆ ಬಂದ ಹಾಗೆ ಕಾಣುವುದಿಲ್ಲ. ಬೇರೆಯವರು ಕೊಟ್ಟ ಕೆಲಸವಾದರೂ ಕೈ ಅವರದೇ, ಹೆಸರೂ ಅವರದೇ. ಬಾಡಿಗೆ ಕೆಲಸ ಬೇರೆ, "ನನ್ನ ಕಲೆ" ಬೇರೆ ಅಂತ ಗೋಡೆ ಕಟ್ಟಿಕೊಂಡು ಕೊರಗುವ ಹುಡುಗರಿಗೆ ನಾನು ಅವರ ಕೆಲಸ ತೋರಿಸುತ್ತೇನೆ.

ಇನ್ನು ಕಾನೂನು. ನಮ್ಮಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ, ನನಗೆ ಒಬ್ಬ ವಕೀಲ ಗೆಳೆಯ ಚಹಾ ಕುಡಿಯುತ್ತಾ ಬಿಡಿಸಿ ಹೇಳಿದ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರೋ ರೊಕ್ಕ ಕೊಟ್ಟು ಫೋಟೊ ತೆಗೆಸಿದರೆ ಅಥವಾ ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಕಾಪಿರೈಟಿನ ಮೊದಲ ಒಡೆಯ ರೊಕ್ಕ ಕೊಟ್ಟವರೇ. ಮದುವೆ ಆಲ್ಬಮ್ಮಿಗೆ ಇದೇ ಲಾಗು. ಇದನ್ನು ಕೇಳಿ ಮುಧೋಳದವನ ಮುಖ ಸಣ್ಣಗಾಯಿತು. ಆದರೆ ಅದೇ ಕಾಯ್ದೆಯ 57ನೇ ಕಲಮು ಇದೆ. ಹಕ್ಕು ಮಾರಿದ ಮೇಲೂ ಇದನ್ನು ಮಾಡಿದವನು ನಾನು ಅಂತ ಹೇಳಿಕೊಳ್ಳುವ ಹಕ್ಕು ಕಲಾವಿದನದೇ, ಅದು ಆಲ್ಬಮ್ ಜೊತೆ ಬೀಗರ ಮನೆಗೆ ಹೋಗುವುದಿಲ್ಲ. ದಿಲ್ಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿ ಹಾಳುಮಾಡಿದ್ದರು. ಅವರು ಸರ್ಕಾರದ ಮೇಲೇ ಕೇಸು ಹಾಕಿದರು. 2005ರಲ್ಲಿ ದಿಲ್ಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು, ಶಿಲ್ಪ ವಾಪಸ್ ಕೊಡಿ, ಜೊತೆಗೆ 5 ಲಕ್ಷ ಪರಿಹಾರ ಕೊಡಿ ಅಂದಿತು. ಅದೂ 57ನೇ ಕಲಮಿನ ಮೇಲೇ. ನಾವು ಕ್ರಾಪ್ ಮಾಡಿದ ಫೋಟೊಕ್ಕೆಲ್ಲ ಕೋರ್ಟಿಗೆ ಹೋಗಲಿಕ್ಕೆ ಆಗುವುದಿಲ್ಲ ಬಿಡಿ, ಆದರೂ ಮಾತಾಡುವಾಗ ದನಿ ಸ್ವಲ್ಪ ಗಟ್ಟಿ ಆಗುತ್ತದೆ.

ದನಿ ಗಟ್ಟಿ ಆದದ್ದಕ್ಕೆ ಏನೇನೋ ಕೇಳಿಸಿಕೊಂಡಿದ್ದೇನೆ. ಒಂದು ಪ್ರಕಾಶನದವರು ಮುಖಪುಟ ಬರೆಸಿಕೊಂಡು, ಹೆಸರು ಎಲ್ಲಿ ಅಂದರೆ "ಲೇಖಕರ ಹೆಸರಿಗೇ ಜಾಗ ಸಾಲಲಿಲ್ಲ" ಅಂದರು. ನಮ್ಮೂರ ಕಡೆಯ ಲೆಕ್ಕ ಇನ್ನೂ ಸೊಗಸು: "ನಿಮ್ಮ ಹೆಸರು ಹಾಕಿದ್ರ ನಿಮಗ ಪುಕ್ಕಟೆ ಜಾಹೀರಾತು ಆಗ್ತದಲ್ರಿ, ಅದಕ್ಕ ರೊಕ್ಕ ಕಡಿಮಿ ಮಾಡ್ರಿ." ಹೆಸರಿಗೂ ನಾವೇ ಬಾಡಿಗೆ ಕಟ್ಟಬೇಕು ಅನ್ನುವ ಹಾಗೆ! ನಾನು ಒಪ್ಪುವುದಿಲ್ಲ. ಹೆಸರು ರೇಟಿನೊಳಗೆ ಬರುವ ವಸ್ತು ಅಲ್ಲ. ಹೆಸರು ಕೊಟ್ಟು ಫೀಸು ಮುರಿದುಕೊಳ್ಳುವುದೂ ಬೇಡ, ಜಾಸ್ತಿ ಫೀಸು ತಗೊಂಡು ಹೆಸರು ಬಿಡುವುದೂ ಬೇಡ.

ಈಗ ಎಐ ಬಂದಿದೆ. ಈ ಸಲ ಗಣಪತಿ ಹಬ್ಬದ ಬ್ಯಾನರುಗಳಲ್ಲಿ ಅರ್ಧಕ್ಕರ್ಧ ಅದೇ, ಮೇಣ ಸವರಿದಂಥ ಗಣಪ, ಹಿಂದೆ ಯಾವ ಊರಿನದೂ ಅಲ್ಲದ ಗುಡಿ. ನನಗೆ ಅದರ ಮೇಲೆ ಸಿಟ್ಟೇನಿಲ್ಲ. ಆದರೆ ಅದು ನೋಡಿ ಕಲಿತ ರಾಶಿಯಲ್ಲಿ ನಮ್ಮ ಕೆಲಸವೂ ಇರಬಹುದು ಅಂತ ಅನ್ನಿಸಿದಾಗ, ನಮ್ಮ ಹೆಸರು ಮೊದಲೇ ಕತ್ತರಿಸಿ ಹೋಗಿತ್ತಲ್ಲ ಅನ್ನುವುದು ಚುಚ್ಚುತ್ತದೆ.

ಹೊಸಬರಿಗೆ ನಾನು ಹೇಳುವುದು ಬಹಳ ಸಣ್ಣ ಸಂಗತಿಗಳು. ಸಹಿಯನ್ನು ಅಂಚಿಗೆ ಹಾಕಬೇಡಿ, ಚಿತ್ರದೊಳಗೆ ತನ್ನಿ. ಬೆಳಗಾವಿಯ ಗೆಳತಿ ಸೀರೆಯ ದಡಿಯ ನಡುವೆಯೇ ತನ್ನ ಹೆಸರನ್ನು ಬುಟ್ಟಾದ ಹಾಗೆ ನೇಯ್ದುಬಿಡುತ್ತಾಳೆ, ತೆಗೆಯಬೇಕಂದರೆ ಸೀರೆಯನ್ನೇ ಕತ್ತರಿಸಬೇಕು. ಕ್ಯಾಮೆರಾದ ಮೆನುವಿನಲ್ಲಿ ಕಾಪಿರೈಟ್ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ಹೆಸರು ತುಂಬಿದರೆ ಪ್ರತಿ ಫೈಲಿನೊಳಗೂ ಅದು ಕೂರುತ್ತದೆ. ಆದರೆ ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಆಮೇಲೆ ಕೊಟೇಷನ್ನಿನಲ್ಲೇ ಒಂದು ಸಾಲು ಬರೆದುಬಿಡಿ, "ಕಲಾವಿದರ ಹೆಸರು ಕಡ್ಡಾಯವಾಗಿ ಮುದ್ರಿಸತಕ್ಕದ್ದು". ಸರ್ಕಾರಿ ಭಾಷೆಯಲ್ಲಿದ್ದರೆ ಮಂದಿ ಸ್ವಲ್ಪ ಹೆದರುತ್ತಾರೆ.

ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ. ಕೆಲವರು ಸುಮ್ನೆ ಸಹಿ ಹಾಕುತ್ತಾರೆ, ಕೆಲವರು ಆ ಸಾಲನ್ನೇ ಹೊಡೆದುಹಾಕಿ ವಾಪಸ್ ಕೊಡುತ್ತಾರೆ. ಮೊನ್ನೆ ಹುಟ್ಟುಹಬ್ಬದ ಪೋಸ್ಟರ್ ಬರೆಸಲು ಬಂದ ಮುಖಂಡರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ, "ಹಾಕ್ಕೋರಿ, ನಂದೇನೂ ತಕರಾರಿಲ್ಲ. ಬೇಕಾದ್ರ ಆ ಎಡಗಡೆ ಇರೋ ನಾಲ್ಕು ಮಂದೀನ್ನ ತೆಗದು ಅಲ್ಲೇ ಹಾಕ್ಕೋರಿ" ಅಂದರು.